ಸಹಿಗೆ ಐದು ಡಾಲರ್ ಕೇಳಿದರೆ ತಪ್ಪೇ?

ಅಮೆರಿಕದ ಬೇಸ್‌ಬಾಲ್ ಹುಚ್ಚರಿಗೆ ಒಂದು ಹವ್ಯಾಸವಿದೆ. ಆಟಗಾರರ ಚಿತ್ರವಿರುವ ಐವತ್ತು, ಅರವತ್ತರ ದಶಕದ ಕಾರ್ಡೊಂದನ್ನು ಹುಡುಕಿ ಕೊಳ್ಳುವುದು, ಅದರಲ್ಲಿರುವ ಆಟಗಾರನ ಮನೆ ವಿಳಾಸ ಪತ್ತೆ ಮಾಡುವುದು, ಸಹಿ ಕೋರುವ ನಾಲ್ಕು ಸಾಲಿನ ಕಾಗದದೊಂದಿಗೆ ಕಾರ್ಡನ್ನು ಅಂಚೆಗೆ ಹಾಕುವುದು. ಒಳಗೆ ತನ್ನ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಇನ್ನೊಂದು ಲಕೋಟೆ ಇರಲೇಬೇಕು. ಎಂಬತ್ತು ದಾಟಿದ ಅಜ್ಜಂದಿರು ಸಹಿ ಹಾಕಿ ವಾಪಸು ಕಳಿಸುತ್ತಾರೆ. ಕೆಲವು ವಾರದಲ್ಲಿ ಬರುತ್ತವೆ, ಕೆಲವು ವರ್ಷದ ಮೇಲೆ, ಕೆಲವು ಬರುವುದೇ ಇಲ್ಲ. ಅದಕ್ಕೇ ಬಲ್ಲವರು ದುಬಾರಿ ಕಾರ್ಡನ್ನು ಅಂಚೆಯಣ್ಣನ ಕೈಗೆ ಕೊಡುವುದಿಲ್ಲ.

ಬಬಲ್‌ಗಮ್ ಜೊತೆ ಟಾಪ್ಸ್ ಕಂಪನಿ ಮಕ್ಕಳಿಗೆ ಮಾರುತ್ತಿದ್ದ ರಟ್ಟಿನ ಚೂರುಗಳಿವು. 1952ರ ಕಾರ್ಡುಗಳು ಖರ್ಚಾಗದೆ ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಕಂಪನಿಯ ಸೈ ಬರ್ಗರ್ 1960ರಲ್ಲಿ ಅವನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರಂತೆ. ಅದೇ ಸರಣಿಯಲ್ಲಿದ್ದ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಅದರ ಮೇಲೆ ಸಹಿ ಇರಲಿಲ್ಲ!

ಸಹಿಗಳಲ್ಲೂ ತರಾವರಿ ಇವೆ. ಮಿನೆಸೋಟ ಟ್ವಿನ್ಸ್ ತಂಡದ ಹಾರ್ಮನ್ ಕಿಲ್ಲೆಬ್ರೂ 573 ಹೋಮ್‌ರನ್ ಹೊಡೆದವರು. ಅವರ ಸಹಿಯಲ್ಲಿ ಪ್ರತಿ ಅಕ್ಷರವನ್ನೂ ಓದಬಹುದು. ಗೀಚಿಬಿಡುತ್ತಿದ್ದ ಟೋರಿ ಹಂಟರ್‌ನಂಥ ಕಿರಿಯರನ್ನು ಕರೆದು, ಓದುವಂತೆ ಬರೆಯಪ್ಪಾ ಎಂದು ತಿದ್ದಿದವರೂ ಅವರೇ. ಇನ್ನು ಕೆಲವು ತಾರೆಯರ ಪರವಾಗಿ ಹೆಂಡತಿಯೋ ಸಹಾಯಕನೋ ಸಹಿ ಹಾಕಿದ್ದುಂಟು. ಅಂಗಡಿಯಲ್ಲಿ ಕೊಂಡರಂತೂ ಖೋಟಾ ಸಹಿಯ ಭಯ. ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ನಡೆಸಿ ಇಂಥ ಜಾಲಗಳನ್ನೇ ಹಿಡಿಯಬೇಕಾಯಿತು. ಹಾಗೆ ನೋಡಿದರೆ ಹೆಸರು ಮರೆತುಹೋದ ಆಟಗಾರನ ಸಹಿಯೇ ನಂಬಿಕಸ್ಥ. ಅವನದನ್ನು ನಕಲು ಮಾಡಿ ಯಾರಿಗೇನು ಲಾಭ?

ಈ ಮರೆತುಹೋದವರಲ್ಲಿ ಕೆಲವರು ಈಗ ಸಹಿಗೆ ಐದೋ ಹತ್ತೋ ಡಾಲರ್ ಕೇಳುತ್ತಾರೆ. ಸಂಗ್ರಾಹಕರಲ್ಲಿ ಗೊಣಗಾಟ ಶುರು. ಅಭಿಮಾನಕ್ಕೂ ಬೆಲೆ ಕಟ್ಟಿದರು ಎಂಬ ಸಿಟ್ಟು. ನನಗೆ ಈ ಸಿಟ್ಟು ಒಪ್ಪಿಗೆಯಿಲ್ಲ. ಸಹಿ ಬಿದ್ದ ಕಾರ್ಡನ್ನು ಮರುದಿನವೇ ಮಾರುವವರೂ ಇದೇ ಗುಂಪಿನಲ್ಲಿದ್ದಾರೆ. ಅದೂ ಇರಲಿ, ಮುದುಕನ ಲೆಕ್ಕ ನೋಡಿ. 1980ಕ್ಕೆ ಮೊದಲು ಪಿಂಚಣಿ ಬೇಕಾದರೆ ದೊಡ್ಡ ಲೀಗಿನಲ್ಲಿ ನಾಲ್ಕು ವರ್ಷ ಆಡಿರಬೇಕಿತ್ತು. ಆ ವರ್ಷ ನಿಯಮ ಬದಲಾಗಿ 43 ದಿನ ತಂಡದಲ್ಲಿದ್ದರೂ ಸಾಕು ಎಂದಾಯಿತು. ಆದರೆ ಅಷ್ಟರೊಳಗೆ ಆಟ ಮುಗಿಸಿದ್ದವರಿಗೆ ಅದು ಅನ್ವಯಿಸಲಿಲ್ಲ. ಮೂರು ವರ್ಷ ಆಡಿ, ಮೊಣಕಾಲು ಸವೆಸಿಕೊಂಡವರು ಬರಿಗೈಯಲ್ಲಿ ಉಳಿದರು. 2011ರಲ್ಲಿ ಲೀಗಿಗೂ ಆಟಗಾರರ ಸಂಘಕ್ಕೂ ಕನಿಕರ ಹುಟ್ಟಿ, ಇಂಥವರಿಗೆ ವರ್ಷಕ್ಕೆ ಹೆಚ್ಚೆಂದರೆ 10,000 ಡಾಲರ್ ಕೊಡಲು ಒಪ್ಪಿದವು. ಆಟಗಾರ ಸತ್ತರೆ ಆ ಹಣ ಅವನ ಹೆಂಡತಿಗೆ ಸಿಗದು ಎಂಬುದೂ ಅದೇ ಒಪ್ಪಂದದಲ್ಲಿತ್ತು.

ಐದು ಡಾಲರ್ ಕೇಳಿದರೆ ಇಟ್ಟು ಕಳಿಸಿ. ಕೇಳದಿದ್ದರೂ ಇಡಿ.