ಸೆನ್ಸಿಟಿವ್ ಅಂದ್ರೆ ಏನ್ರೀ?

"ಅವನು ತುಂಬಾ ಸೆನ್ಸಿಟಿವ್ ಕಣ್ರೀ" ಅಂದ್ರೆ ಸಣ್ಣ ಮಾತಿಗೂ ನೊಂದುಕೊಳ್ಳೋನು ಅಂತ. ಪಾಸ್‌ವರ್ಡ್ ಕೇಸ್ ಸೆನ್ಸಿಟಿವ್ ಅಂದ್ರೆ ದೊಡ್ಡ ಎ ಬೇರೆ, ಚಿಕ್ಕ ಎ ಬೇರೆ, ಅದಕ್ಕೆ ನೋವು ಗೀವು ಏನೂ ಇಲ್ಲ :-)

ಇಲ್ಲಿವರೆಗೆ ತಮಾಷೆ. ಆದ್ರೆ ವೈದ್ಯಕೀಯ ಪರೀಕ್ಷೆಯ ಸೆನ್ಸಿಟಿವಿಟಿಯನ್ನ ತಪ್ಪು ತಿಳಿದ್ರೆ ಜೀವಕ್ಕೇ ಕುತ್ತು. ಅಲ್ಲಿ ಅದೊಂದು ಲೆಕ್ಕ. ನಿಜವಾಗಿ ಸೋಂಕಿರೋ 100 ಜನರಲ್ಲಿ ಎಷ್ಟು ಜನರನ್ನ ಪರೀಕ್ಷೆ ಹಿಡಿಯುತ್ತೆ ಅಂತ. ಸೋಂಕಿಲ್ಲದವರಿಗೆ 'ಇಲ್ಲ' ಅಂತಲೇ ಹೇಳೋ ಗುಣಕ್ಕೆ ಸ್ಪೆಸಿಫಿಸಿಟಿ ಅಂತ ಬೇರೆ ಹೆಸರು.

2020ರ ಜೂನ್‌ನಲ್ಲಿ ಐಸಿಎಂಆರ್ ಬಳಕೆಗೆ ಸೂಚಿಸಿದ ಕೋವಿಡ್ ಆಂಟಿಜೆನ್ ಕಿಟ್ ನೋಡಿ. ಸ್ಪೆಸಿಫಿಸಿಟಿ ಶೇ. 99.3ರಿಂದ 100, ಸೆನ್ಸಿಟಿವಿಟಿ ಮಾತ್ರ ಶೇ. 50.6ರಿಂದ 84. ಅಂದ್ರೆ ಪಾಸಿಟಿವ್ ಬಂದ್ರೆ ಬಹುಮಟ್ಟಿಗೆ ನಂಬಬಹುದು, ನೆಗೆಟಿವ್ ಬಂತು ಅಂತ ನಿರಾಳ ಆಗೋ ಹಾಗಿಲ್ಲ. ಲಕ್ಷಣ ಇದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು ಅಂದಿದ್ದು ಅದಕ್ಕೇ. ಆದ್ರೂ ಕೆಮ್ಮಿಕೊಂಡೇ "ನಂದು ನೆಗೆಟಿವ್" ಅಂತ ಓಡಾಡಿದವರನ್ನ ನಾವೆಲ್ಲ ನೋಡಿದ್ದೀವಲ್ವಾ?

ಇದನ್ನ 'ಸಂವೇದನಾಶೀಲತೆ' ಅಂತ ಕನ್ನಡಿಸಿದ್ರೆ ಕವಿಗೋಷ್ಠಿ ನೆನಪಾಗುತ್ತೆ ಅಷ್ಟೆ. 'ಹಿಡಿಯೋ ಪ್ರಮಾಣ' ಅಂತ ಬರೀರಿ ಸ್ವಾಮಿ. ನೂರರಲ್ಲಿ ಹತ್ತಿರ ಹತ್ತಿರ ಐವತ್ತು ಜನ ತಪ್ಪಿಸಿಕೊಳ್ಳಬಹುದು ಅನ್ನೋದು ಮನೇಲಿರೋ ಅಜ್ಜಿಗೂ ಗೊತ್ತಾಗಲಿ.