ಅಟ್ಲಾಂಟಿಕ್‌ನ ಶೇ. 90ರಷ್ಟು ಪ್ಲಾಂಕ್ಟನ್ ಸತ್ತಿದೆಯೇ? 1931ರಿಂದ ನಡೆದಿರುವ ಎಣಿಕೆ ಏನು ಹೇಳುತ್ತದೆ

ಅಟ್ಲಾಂಟಿಕ್ ಸಾಗರದಲ್ಲಿ ಶೇ. 90ರಷ್ಟು ಪ್ಲಾಂಕ್ಟನ್ ನಾಶವಾಗಿದೆ ಎಂಬ ಸುದ್ದಿ 2022ರ ಜುಲೈನಲ್ಲಿ ಸ್ಕಾಟ್ಲೆಂಡಿನ ಪತ್ರಿಕೆಯೊಂದರಲ್ಲಿ ಬಂದು, ಕೆಲವೇ ದಿನಗಳಲ್ಲಿ ಎಲ್ಲೆಡೆ ಶೇರ್ ಆಯಿತು. ಅದಕ್ಕೆ ಆಧಾರವಾಗಿದ್ದದ್ದು ಹಾಯಿದೋಣಿಗಳಿಂದ ತೆಗೆದ ಕೆಲವು ನೂರು ನೀರಿನ ಮಾದರಿಗಳು. ಪ್ಲಾಂಕ್ಟನ್ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ.

ಏಕೆ? ಪ್ಲಾಂಕ್ಟನ್ ಸಮುದ್ರದಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದೆಡೆ ದಟ್ಟವಾಗಿದ್ದರೆ ಪಕ್ಕದಲ್ಲೇ ಖಾಲಿ. ಅದರಲ್ಲೂ ಪ್ರಾಣಿ ಪ್ಲಾಂಕ್ಟನ್‌ಗಳಲ್ಲಿ ಹಲವು ಹಗಲು ಹೊತ್ತು ಆಳಕ್ಕಿಳಿದು, ರಾತ್ರಿ ಮೇಲೆ ಬರುತ್ತವೆ. ಮಧ್ಯಾಹ್ನ ಮೇಲ್ನೀರು ತೆಗೆದು ನೋಡಿ ಸಮುದ್ರ ಸತ್ತಿದೆ ಎನ್ನುವುದು, ಭಾನುವಾರ ಶಾಲೆಗೆ ಹೋಗಿ ಊರಲ್ಲಿ ಮಕ್ಕಳೇ ಇಲ್ಲ ಎಂದಂತೆ.

ಹಾಗಾದರೆ ಸರಿಯಾಗಿ ಎಣಿಸುವುದು ಹೇಗೆ? ಇದಕ್ಕೊಂದು ಉಪಾಯ ಹುಡುಕಿದವರು ಬ್ರಿಟಿಷ್ ಜೀವವಿಜ್ಞಾನಿ ಆಲಿಸ್ಟರ್ ಹಾರ್ಡಿ. ಅವರು ರೂಪಿಸಿದ ಲೋಹದ ಪೆಟ್ಟಿಗೆಯನ್ನು ಸರಕು ಹಡಗಿನ ಹಿಂದೆ ಕಟ್ಟಿ ಎಳೆಯುತ್ತಾರೆ. ನೀರು ಪುಟ್ಟ ತೂತಿನಿಂದ ಒಳಬಂದು ರೇಷ್ಮೆ ಬಲೆಯ ಮೂಲಕ ಹಾಯುತ್ತದೆ. ಹಡಗು ಸಾಗಿದಂತೆ ರೇಷ್ಮೆಯೂ ಸುತ್ತಿಕೊಳ್ಳುತ್ತಾ ಹೋಗುತ್ತದೆ, ಸಿಕ್ಕಿದ ಜೀವಿಗಳು ಫಾರ್ಮಲಿನ್‌ನಲ್ಲಿ ಕೆಡದೆ ಉಳಿಯುತ್ತವೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಬೇಕು. ಉತ್ತರ ಸಮುದ್ರದಲ್ಲಿ ಈ ಸಮೀಕ್ಷೆ 1931ರಲ್ಲಿ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ನಿಂತು, ಮತ್ತೆ ಮುಂದುವರಿಯಿತು. ಇಷ್ಟು ವರ್ಷ ವಿಧಾನವನ್ನು ಹೆಚ್ಚು ಬದಲಿಸದೇ ಇರುವುದೇ ಇದರ ಶಕ್ತಿ. ಅಳೆಯುವ ಸೇರು ಬದಲಾದರೆ ಅಜ್ಜನ ಕಾಲದ ಲೆಕ್ಕವನ್ನು ಇಂದಿನದಕ್ಕೆ ಹೋಲಿಸುವುದು ಹೇಗೆ?

ಈ ಲೆಕ್ಕದಲ್ಲಿ ಶೇ. 90ರ ಕುಸಿತ ಕಾಣುವುದಿಲ್ಲ. ಕಾಣುವ ಬದಲಾವಣೆ ಬೇರೆಯೇ, ಅದೂ ಸಣ್ಣದಲ್ಲ.

ಉತ್ತರ ಸಮುದ್ರದಲ್ಲಿ ಕ್ಯಾಲನಸ್ ಎಂಬ ಜೀವಿಯಿದೆ. ಅಕ್ಕಿಕಾಳಿಗಿಂತ ಚಿಕ್ಕದು, ಸಿಗಡಿ-ಏಡಿಗಳ ದೂರದ ಸಂಬಂಧಿ. ಅದರಲ್ಲಿ ತಣ್ಣೀರು ಇಷ್ಟಪಡುವ ಒಂದು ಜಾತಿ, ತುಸು ಬೆಚ್ಚಗಿನ ನೀರಿನ ಇನ್ನೊಂದು ಜಾತಿ. ಬರಿಗಣ್ಣಿಗೆ ಎರಡೂ ಒಂದೇ. ಸಮುದ್ರ ಬಿಸಿಯಾದಂತೆ ಮೊದಲನೆಯದು ಉತ್ತರಕ್ಕೆ ಸರಿದು, ಎರಡನೆಯದು ಅದರ ಜಾಗಕ್ಕೆ ಬಂದಿದೆ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಬೆಚ್ಚಗಿನ ನೀರಿನ ಕೆಲವು ಜಾತಿಗಳು ಸುಮಾರು 40 ವರ್ಷಗಳಲ್ಲಿ 1000 ಕಿ.ಮೀ.ಯಷ್ಟು ಉತ್ತರಕ್ಕೆ ಹೋಗಿವೆ.

ಒಂದರ ಬದಲು ಇನ್ನೊಂದು ಬಂದರೆ ಏನಾಯಿತು ಎನ್ನಬಹುದು. ಕಾಡ್ ಮೀನಿನ ಮರಿಗಳನ್ನು ಕೇಳಬೇಕು! ಅವು ವಸಂತದಲ್ಲಿ ಹುಟ್ಟುತ್ತವೆ, ತಣ್ಣೀರಿನ ಕ್ಯಾಲನಸ್ ಹೆಚ್ಚಿರುವುದೂ ಆಗಲೇ. ಬೆಚ್ಚಗಿನ ನೀರಿನ ಜಾತಿ ಹೆಚ್ಚುವುದು ಬೇಸಿಗೆ ಕಳೆಯುವ ಹೊತ್ತಿಗೆ. ಹಸಿದ ಮರಿಗೆ ಊಟ ತಡವಾಗಿ ಬಂದರೆ ಏನು ಪ್ರಯೋಜನ? ಉತ್ತರ ಸಮುದ್ರದಲ್ಲಿ ಕಾಡ್ ಕಡಿಮೆಯಾಗಲು ಅತಿಯಾದ ಮೀನುಗಾರಿಕೆಯ ಜೊತೆಗೆ ಇದೂ ಒಂದು ಕಾರಣ ಎಂದು ಸಂಶೋಧಕರು ಹೇಳುತ್ತಾರೆ.

ಇಂಥ ಬದಲಾವಣೆ ಒಂದು ಬಾಟಲಿ ನೀರಿನಲ್ಲಿ ಸಿಗುವುದಿಲ್ಲ, ಒಂದು ವರ್ಷದಲ್ಲೂ ಕಾಣುವುದಿಲ್ಲ. ವಿಪರ್ಯಾಸವೆಂದರೆ, ವರ್ಷವರ್ಷವೂ ಅದನ್ನೇ ಎಣಿಸುವುದು ಸಂಶೋಧನೆಯೇ ಅಲ್ಲ ಎಂಬ ಭಾವನೆ ಒಂದು ಕಾಲಕ್ಕೆ ಇತ್ತು. 1980ರ ದಶಕದ ಕೊನೆಯಲ್ಲಿ ಈ ಸಮೀಕ್ಷೆ ಮುಚ್ಚುವ ಹಂತಕ್ಕೆ ಬಂದಿತ್ತು. 1990ರಲ್ಲಿ ಪ್ರತ್ಯೇಕ ಪ್ರತಿಷ್ಠಾನ ಕಟ್ಟಿ ಉಳಿಸಿಕೊಂಡರು. ಆ ಹಳೆಯ ರೇಷ್ಮೆ ಪಟ್ಟಿಗಳು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಈಗಲೂ ಇವೆ. 2004ರಲ್ಲಿ ಸಂಶೋಧಕರು ಅವುಗಳನ್ನೇ ಮತ್ತೆ ತೆರೆದು ನೋಡಿದಾಗ, 1960ರ ದಶಕದ ಮಾದರಿಗಳಲ್ಲೂ ಪ್ಲಾಸ್ಟಿಕ್ ಎಳೆಗಳು ಸಿಕ್ಕವು. ಅಂದು ಎಣಿಸಿದವರು ಅದಕ್ಕಾಗಿ ಹುಡುಕಿರಲೇ ಇಲ್ಲ.