ಗಾಯಾಳು ಕಾರ್ಮಿಕನ ಸಂಬಳವನ್ನು ಕಾನೂನು ಪೂರ್ತಿ ಎಣಿಸಲಿ

ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ನಡೆದ ವಾದ-ವಿವಾದದಲ್ಲಿ ಮುಷ್ಕರದ ನೋಟಿಸು, ನಿಗದಿತ ಅವಧಿಯ ನೇಮಕಾತಿ, 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಅನುಮತಿಯಿಲ್ಲದೆ ಕೆಲಸದಿಂದ ತೆಗೆಯಬಹುದೆಂಬ ನಿಯಮ, ಇವೇ ಮುಂದೆ ಬಂದವು. ಅವು ಮುಖ್ಯವೇ. ಆದರೆ ಅದೇ ದಿನ ಶತಮಾನ ಹಳೆಯ ಇನ್ನೊಂದು ಕಾಯ್ದೆ ಸದ್ದಿಲ್ಲದೆ ಸಾಮಾಜಿಕ ಭದ್ರತಾ ಸಂಹಿತೆಯ ಏಳನೇ ಅಧ್ಯಾಯದೊಳಗೆ ಸೇರಿಹೋಯಿತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಅದು. 2010ರಿಂದ ಈಚೆಗೆ ನೌಕರರ ಪರಿಹಾರ ಕಾಯ್ದೆ ಎಂದು ಹೆಸರು ಬದಲಿಸಿಕೊಂಡಿತ್ತು. ಯಂತ್ರಕ್ಕೆ ಕೈ ಸಿಕ್ಕಿದವನಿಗೆ, ಕಟ್ಟಡದ ಸಾರುವೆಯಿಂದ ಬಿದ್ದವನ ಹೆಂಡತಿ ಮಕ್ಕಳಿಗೆ ಎಷ್ಟು ಹಣ ಸಲ್ಲಬೇಕು ಎಂಬುದನ್ನು ಹೇಳುವ ಕಾನೂನು. ಹೊಸ ಸಂಹಿತೆ ಬರೆಯುವಾಗ ಅದರ ದೊಡ್ಡ ದೋಷವನ್ನು ತಿದ್ದುವ ಅವಕಾಶ ಸಂಸತ್ತಿಗಿತ್ತು. ತಿದ್ದಲಿಲ್ಲ. ಪರಿಹಾರದ ಲೆಕ್ಕಕ್ಕೆ ಕಾರ್ಮಿಕನ ನಿಜ ಸಂಬಳವನ್ನು ಹಿಡಿಯದೆ, ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ಗರಿಷ್ಠ ಮೊತ್ತಕ್ಕೆ ಅದನ್ನು ಕತ್ತರಿಸುವ ಪದ್ಧತಿಯೇ ಆ ದೋಷ. ಈ ಮಿತಿ ಹೋಗಬೇಕು ಎಂಬುದು ನನ್ನ ವಾದ.

ಲೆಕ್ಕ ಹೇಗೆ ನಡೆಯುತ್ತದೆ ಎಂದು ನೋಡಿದರೆ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಕಾರ್ಮಿಕ ಸತ್ತರೆ ಅವನ ತಿಂಗಳ ಸಂಬಳದ ಅರ್ಧವನ್ನು, ಶಾಶ್ವತವಾಗಿ ದುಡಿಯಲಾಗದಂತೆ ಆದರೆ ಶೇ 60ರಷ್ಟನ್ನು, ಅವನ ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. 30 ವರ್ಷದವನಿಗೆ ಆ ಗುಣಕ 207.98, 50ರವನಿಗೆ 153.09. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ನಡೆಸುವ, ತಿಂಗಳಿಗೆ 24 ಸಾವಿರ ರೂಪಾಯಿ ಸಂಬಳದ 30 ವರ್ಷದ ಕಾರ್ಮಿಕನೊಬ್ಬ ಕೆಲಸದ ವೇಳೆಯಲ್ಲೇ ಸತ್ತ ಎಂದಿಟ್ಟುಕೊಳ್ಳೋಣ. ನಿಜ ಸಂಬಳದ ಅರ್ಧ ಹಿಡಿದರೆ ಅವನ ಕುಟುಂಬಕ್ಕೆ 24,95,760 ರೂಪಾಯಿ ಬರಬೇಕು. ಆದರೆ 2020ರ ಜನವರಿಯ ಅಧಿಸೂಚನೆ ಗೊತ್ತುಮಾಡಿದ ಮಿತಿ 15 ಸಾವಿರ. ಅದರ ಪ್ರಕಾರ ಬರುವುದು 15,59,850 ರೂಪಾಯಿ. ಒಂಬತ್ತು ಲಕ್ಷಕ್ಕೂ ಹೆಚ್ಚು ಹಣ ಒಂದು ಸಾಲಿನ ಅಧಿಸೂಚನೆಯಲ್ಲಿ ಕರಗಿಹೋಯಿತು. ಉಳಿದಿದ್ದನ್ನು ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಇಟ್ಟರೆ ತಿಂಗಳಿಗೆ ಸಿಗುವುದು ಸುಮಾರು 9,100 ರೂಪಾಯಿ. ಮನೆ ಬಾಡಿಗೆ, ಮಕ್ಕಳ ಶಾಲೆ ಶುಲ್ಕ, ಅತ್ತೆಯ ಔಷಧಿ ಎಲ್ಲವೂ 24 ಸಾವಿರದ ಅಳತೆಗೆ ಹೊಂದಿಕೊಂಡಿದ್ದ ಸಂಸಾರ ಅದು.

ಅದೇ ಕಾರ್ಮಿಕ ಕಾರ್ಖಾನೆಯ ಗೇಟು ದಾಟಿ, ರಸ್ತೆಯಲ್ಲಿ ಲಾರಿ ಚಾಲಕನ ತಪ್ಪಿನಿಂದ ಸತ್ತಿದ್ದರೆ? ಮೋಟಾರು ವಾಹನ ನ್ಯಾಯಮಂಡಳಿ 2009 ಮತ್ತು 2017ರಲ್ಲಿ ಸುಪ್ರೀಂ ಕೋರ್ಟ್ ಸ್ಥಿರಪಡಿಸಿದ ಸೂತ್ರದಂತೆ ಅವನ ನಿಜ ಸಂಬಳ ಹಿಡಿದು, ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆಂದು ಶೇ 40 ಸೇರಿಸಿ, ಅವಲಂಬಿತರು ನಾಲ್ವರಿದ್ದರೆ ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದು, ಉಳಿದ ವಾರ್ಷಿಕ ಮೊತ್ತವನ್ನು 17ರಿಂದ ಗುಣಿಸುತ್ತದೆ. ಮೊತ್ತ 51 ಲಕ್ಷ ದಾಟುತ್ತದೆ. ಅಲ್ಲಿ ಚಾಲಕನ ತಪ್ಪು ಸಾಬೀತಾಗಬೇಕು, ಇಲ್ಲಿ ಮಾಲೀಕನ ತಪ್ಪು ಸಾಬೀತಾಗಬೇಕಿಲ್ಲ. ಆದ್ದರಿಂದ ಎರಡೂ ಒಂದೇ ಆಗಲಾರವು ಎಂದು ವಕೀಲರು ಹೇಳುತ್ತಾರೆ. ಮಾತು ಸರಿ, ವ್ಯತ್ಯಾಸ ಇರಲೇಬೇಕು. ಆದರೆ ಆ ವ್ಯತ್ಯಾಸವನ್ನು ಕಾನೂನು ಸೂತ್ರದಲ್ಲೇ ಮುರಿದುಕೊಂಡಾಗಿದೆ: ಪೂರ್ತಿ ಸಂಬಳದ ಬದಲು ಅರ್ಧ, ಮುಂದಿನ ಗಳಿಕೆಗೆ ಏನೂ ಇಲ್ಲ, ನೋವು-ಸಂಕಟಕ್ಕೆ ಏನೂ ಇಲ್ಲ. ಮಾಲೀಕನ ತಪ್ಪನ್ನು ಹುಡುಕುವುದಿಲ್ಲ ಎಂಬ ಸೌಕರ್ಯಕ್ಕೆ ಕಾರ್ಮಿಕ ತೆತ್ತ ಬೆಲೆ ಅದು. ಬೆಲೆ ತೆತ್ತವನ ಕೈಯಿಂದ ಸಂಬಳದ ಮಿತಿಯ ಹೆಸರಿನಲ್ಲಿ ಇನ್ನೊಂದು ಸಲ ಕಿತ್ತುಕೊಳ್ಳಲು ಯಾವ ಆಧಾರವೂ ಇಲ್ಲ.

ಮಿತಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1984ರಲ್ಲಿ ಅದು ಒಂದು ಸಾವಿರ ರೂಪಾಯಿ, 1995ರಲ್ಲಿ ಎರಡು ಸಾವಿರ, 2000ದಲ್ಲಿ ನಾಲ್ಕು ಸಾವಿರ, 2010ರ ಮೇ ತಿಂಗಳಲ್ಲಿ ಎಂಟು ಸಾವಿರ, 2020ರ ಜನವರಿ 3ರಂದು 15 ಸಾವಿರ. ಕೊನೆಯ ಎರಡು ಏರಿಕೆಗಳ ನಡುವೆ ಒಂಬತ್ತೂವರೆ ವರ್ಷ ಕಳೆದವು. ಆ ಅವಧಿಯಲ್ಲಿ ಅಕ್ಕಿ, ಬೇಳೆ, ಬಾಡಿಗೆ, ಬಸ್ ಟಿಕೆಟು ಯಾವುದೂ ನಿಂತಲ್ಲಿ ನಿಲ್ಲಲಿಲ್ಲ. ಸತ್ತ ಕಾರ್ಮಿಕನ ಸಂಬಳ ಮಾತ್ರ ಕಾನೂನಿನ ಕಣ್ಣಿನಲ್ಲಿ ಎಂಟು ಸಾವಿರಕ್ಕೇ ನಿಂತಿತ್ತು. ಪರಿಹಾರ ಹೆಚ್ಚಿಸುವ ತಿದ್ದುಪಡಿ ಅದು ಜಾರಿಗೆ ಬಂದ ನಂತರದ ಅಪಘಾತಗಳಿಗಷ್ಟೇ ಅನ್ವಯಿಸುತ್ತದೆ, ಹಿಂದಿನವಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ 2020ರ ಜನವರಿ 2ರಂದು ಸತ್ತ 30 ವರ್ಷದ ಕಾರ್ಮಿಕನ ಕುಟುಂಬಕ್ಕೆ ಹೆಚ್ಚೆಂದರೆ 8,31,920 ರೂಪಾಯಿ; ಮರುದಿನ ಅದೇ ಯಂತ್ರದಲ್ಲಿ ಸತ್ತವನ ಕುಟುಂಬಕ್ಕೆ 15,59,850. ಇಬ್ಬರ ಸಂಬಳವೂ ಒಂದೇ, ಮನೆಯ ಕಷ್ಟವೂ ಒಂದೇ. ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಸಂಸದರ ಸಂಬಳವನ್ನು 2018ರಿಂದ ಬೆಲೆಯೇರಿಕೆಯ ಸೂಚ್ಯಂಕಕ್ಕೆ ಜೋಡಿಸಲಾಗಿದೆ. ಯಾರೂ ಕೇಳದೆಯೇ ಅದು ಐದು ವರ್ಷಕ್ಕೊಮ್ಮೆ ಏರುತ್ತದೆ. ಇವೆರಡೂ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಲೆಯೇರಿಕೆಯಿಂದ ಆದಾಯವನ್ನು ಕಾಯುವ ವಿಧಾನ ನಮ್ಮ ಸರ್ಕಾರಗಳಿಗೆ ಚೆನ್ನಾಗಿ ಗೊತ್ತಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಕರ್ನಾಟಕದ ಲೆಕ್ಕವನ್ನೇ ತೆಗೆದುಕೊಳ್ಳಿ. ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ, ಅತಿ ಕಡಿಮೆ ದರದ ವಲಯದ ಅಕುಶಲ ಕಾರ್ಮಿಕನಿಗೂ ತಿಂಗಳಿಗೆ 19 ಸಾವಿರಕ್ಕಿಂತ ಹೆಚ್ಚು ಸಲ್ಲಬೇಕೆಂದು ಪ್ರಸ್ತಾಪಿಸಿತ್ತು. ಅದನ್ನು ಮಾಲೀಕರು ವಿರೋಧಿಸಿದರು. ಆ ಜಗಳ ಬೇರೆ. ಆದರೆ ಆಹಾರ, ಬಟ್ಟೆ, ವಸತಿಯ ಖರ್ಚು ಕೂಡಿಸಿ, ಬದುಕಲು ಬೇಕಾದ ಕನಿಷ್ಠ ಹಣ ಇಷ್ಟು ಎಂದು ಒಂದು ಸರ್ಕಾರ ಹೇಳುವಾಗ, ಕೈಕಾಲು ಕಳೆದುಕೊಂಡವನ ಗರಿಷ್ಠ ಸಂಬಳ ಅದಕ್ಕಿಂತ ನಾಲ್ಕು ಸಾವಿರ ಕಡಿಮೆ ಎಂದು ಇನ್ನೊಂದು ಸರ್ಕಾರದ ಅಧಿಸೂಚನೆ ಹೇಳುವುದು ಸರಿಯೆನಿಸುವುದಿಲ್ಲ. ಒಬ್ಬರ ಕನಿಷ್ಠ ಇನ್ನೊಬ್ಬರ ಗರಿಷ್ಠವನ್ನು ಮೀರಿದ ಮೇಲೆ ಆ ಗರಿಷ್ಠಕ್ಕೆ ಅರ್ಥವೇ ಉಳಿಯುವುದಿಲ್ಲ.

ನೌಕರರ ರಾಜ್ಯ ವಿಮೆ (ಇಎಸ್‌ಐ) ಇದೆಯಲ್ಲ, ಬಡ ಕಾರ್ಮಿಕರಿಗೆ ಅದೇ ರಕ್ಷಣೆ ಎಂಬ ಆಕ್ಷೇಪ ಬರುತ್ತದೆ. ಇದು ಗಟ್ಟಿಯಾದ ಆಕ್ಷೇಪ, ಉತ್ತರಿಸಲೇಬೇಕು. ಇಎಸ್‌ಐ ವ್ಯಾಪ್ತಿಯೊಳಗಿನ ಕಾರ್ಮಿಕ ಕೆಲಸದಲ್ಲಿ ಸತ್ತರೆ ಅವಲಂಬಿತರಿಗೆ ಸಂಬಳದ ಸುಮಾರು ಶೇ 90ರಷ್ಟು ತಿಂಗಳ ಪಿಂಚಣಿ ಸಿಗುತ್ತದೆ. ವಿಧವೆಗೆ ಬದುಕಿರುವವರೆಗೆ ಅಥವಾ ಮರುಮದುವೆಯವರೆಗೆ ಅದರ ಪಾಲು ಬರುತ್ತಿರುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ 2017ರ ಜನವರಿಯಲ್ಲಿ ನಿಗದಿಯಾದ ಅದರ ಸಂಬಳದ ಮಿತಿ 21 ಸಾವಿರ. 20 ಸಾವಿರ ಸಂಬಳದವನ ಕುಟುಂಬಕ್ಕೆ ತಿಂಗಳಿಗೆ ಸುಮಾರು 18 ಸಾವಿರ ಪಿಂಚಣಿ. ಎರಡು ಸಾವಿರ ಹೆಚ್ಚು ಗಳಿಸುತ್ತಿದ್ದ ಪಕ್ಕದ ಯಂತ್ರದವನ ಕುಟುಂಬ ಇಎಸ್‌ಐನಿಂದ ಹೊರಗೆ ಬಿದ್ದು, 15 ಸಾವಿರಕ್ಕೆ ಕತ್ತರಿಸಿದ ಇಡಿಗಂಟನ್ನು ಹಿಡಿದು ನಿಲ್ಲುತ್ತದೆ. ಇಡಿಗಂಟಿನ ಅಸಲು ಕೈಯಲ್ಲಿ ಉಳಿಯುತ್ತದೆ ಎಂಬುದು ನಿಜ, ಆದರೆ ಅಸಲನ್ನು ಮುಟ್ಟದೆ ಬಡ್ಡಿಯಲ್ಲೇ ಬದುಕಲು ಸಾಧ್ಯವಿಲ್ಲದಾಗ ಅದು ಎಷ್ಟು ವರ್ಷ ಉಳಿದೀತು? ಅನುಭವ ಹೆಚ್ಚಿ, ಸಂಬಳ ಏರಿದ್ದೇ ಅವನಿಗೆ ಶಿಕ್ಷೆಯಾಯಿತು. ಇನ್ನು ಇಎಸ್‌ಐ ಅನ್ವಯಿಸುವ ಕಡೆಯೂ ಕಾರ್ಮಿಕರ ಹೆಸರು ನೋಂದಣಿಯಾಗಿರುತ್ತದೆ ಎಂದು ಹೇಳಲಾಗದು. ವಾಹನ ಬಿಡಿಭಾಗಗಳ ಉದ್ಯಮದಲ್ಲಿ ಬೆರಳು ಕಳೆದುಕೊಂಡವರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆ, ಗಾಯಾಳುಗಳಲ್ಲಿ ಬಹಳ ಮಂದಿಗೆ ಇಎಸ್‌ಐ ಕಾರ್ಡು ಸಿಕ್ಕಿದ್ದೇ ಅಪಘಾತವಾದ ಮೇಲೆ ಎಂಬುದನ್ನು ವರ್ಷ ವರ್ಷವೂ ವರದಿ ಮಾಡುತ್ತಿದೆ.

ಎರಡನೆಯ ಆಕ್ಷೇಪ ಸಣ್ಣ ಕೈಗಾರಿಕೆಗಳದು. ಮಿತಿ ತೆಗೆದರೆ ಹತ್ತು ಜನರ ಕಾರ್ಖಾನೆ ಒಂದೇ ಅಪಘಾತಕ್ಕೆ ಬಾಗಿಲು ಮುಚ್ಚುತ್ತದೆ ಎನ್ನುತ್ತಾರೆ. ವಿಮೆ ಮಾಡಿಸದವನಿಗೆ ಆ ಭಯ ನಿಜವೇ. ಆದರೆ 15 ಲಕ್ಷವಾಗಲಿ 25 ಲಕ್ಷವಾಗಲಿ, ವಿಮೆಯಿಲ್ಲದ ಸಣ್ಣ ಮಾಲೀಕ ಎರಡನ್ನೂ ತಾಳಲಾರ. ಅವನಿಗೆ ಬೇಕಾದದ್ದು ಕಡ್ಡಾಯ, ಸುಲಭ ವಿಮೆ. ಗಾಯಾಳುವಿನ ಪಾಲಿನಲ್ಲಿ ಕಡಿತವಲ್ಲ. ನಷ್ಟವನ್ನು ಕಾನೂನು ಎಣಿಸದಿದ್ದರೆ ನಷ್ಟ ಮಾಯವಾಗುವುದಿಲ್ಲ. ಅದು ಒಡವೆ ಅಡವಿಟ್ಟ ಸಾಲವಾಗಿ, ಹತ್ತನೇ ತರಗತಿಗೆ ಓದು ನಿಲ್ಲಿಸಿದ ಮಗಳಾಗಿ ಮನೆಯೊಳಗೆ ಬಂದು ಕೂರುತ್ತದೆ. ಇನ್ನೊಂದು ಮಾತನ್ನು ಮಾಲೀಕರ ಸಂಘಗಳು ಯೋಚಿಸಬೇಕು. ಕಾನೂನಿನ ಅನುಸೂಚಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ದುಡಿಮೆ ಸಾಮರ್ಥ್ಯದ ಶೇ 14 ನಷ್ಟ, ಹೆಬ್ಬೆರಳಿಗೆ ಶೇ 30. ಮಿತಿಯ ಲೆಕ್ಕದಲ್ಲಿ 30 ವರ್ಷದವನ ತೋರುಬೆರಳಿನ ಬೆಲೆ ಸುಮಾರು 2.62 ಲಕ್ಷ, ಅವನ ಸಂಬಳ 16 ಸಾವಿರವಿರಲಿ, 40 ಸಾವಿರವಿರಲಿ, ಬೆಲೆ ಅಷ್ಟೇ. ಬೆರಳು ಅಗ್ಗವಾದಷ್ಟೂ ಪ್ರೆಸ್ಸಿಗೆ ರಕ್ಷಣಾ ಗಾರ್ಡು, ಕೈ ಒಳಗಿದ್ದರೆ ಯಂತ್ರ ನಿಲ್ಲಿಸುವ ಸೆನ್ಸರು ಹಾಕಿಸುವ ಆತುರ ಕಡಿಮೆಯಾಗುತ್ತದೆ. ಗಾರ್ಡು ಹಾಕಿಸಿದ ಮಾಲೀಕನೊಬ್ಬ, ಹಾಕಿಸದೆ ಅಗ್ಗದಲ್ಲಿ ಮಾಲು ಕೊಡುವವನೊಂದಿಗೆ ಪೈಪೋಟಿ ಮಾಡಬೇಕಾಗುತ್ತದೆ. ಮಿತಿಯಿಂದ ಪ್ರಾಮಾಣಿಕ ಮಾಲೀಕನಿಗೂ ಅನ್ಯಾಯವೇ.

ಕಾರ್ಮಿಕರ ಅಜಾಗರೂಕತೆಯ ಮಾತನ್ನು ಕೂಡ ಆಡುವವರಿದ್ದಾರೆ. ಕುಡಿದು ಯಂತ್ರ ನಡೆಸಿದವನಿಗೆ, ಬೇಕೆಂದೇ ರಕ್ಷಣಾ ಸಾಧನ ಕಿತ್ತವನಿಗೆ ಪರಿಹಾರ ಇಲ್ಲ ಎಂಬ ಷರತ್ತು 1923ರಿಂದಲೂ ಇದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆದಾಗ ಮಾತ್ರ ಅದು ಸಡಿಲವಾಗುತ್ತದೆ. ಇದಕ್ಕೆ ಇಷ್ಟು ಉತ್ತರ ಸಾಕು.

ಸಂಹಿತೆಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಕೆಲಸಕ್ಕೆ ಸಂಬಂಧ ಉಳ್ಳ ಸಂದರ್ಭದಲ್ಲಿ ಆದ ಅಪಘಾತವನ್ನೂ ಅದು ಕೆಲಸದ ಅಪಘಾತವೆಂದು ಒಪ್ಪಿದೆ. ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮರಳುವ ಗಾರ್ಮೆಂಟ್ಸ್ ಮಹಿಳೆಗೆ, ಸೆಕ್ಯುರಿಟಿ ಗಾರ್ಡಿಗೆ ಇದು ದೊಡ್ಡ ಸಮಾಧಾನ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚಿನದನ್ನು ವೇತನಕ್ಕೆ ಸೇರಿಸಬೇಕೆಂಬ ಹೊಸ ವ್ಯಾಖ್ಯಾನವನ್ನೂ ಸ್ವಾಗತಿಸಬೇಕು, ಏಕೆಂದರೆ ಮೂಲವೇತನವನ್ನು ಚಿಕ್ಕದಾಗಿಟ್ಟು ಉಳಿದದ್ದನ್ನೆಲ್ಲ ಭತ್ಯೆ ಎಂದು ಬರೆಯುವ ಚಾಳಿಗೆ ಅದು ಕಡಿವಾಣ. ಆದರೆ ವೇತನದ ವ್ಯಾಖ್ಯಾನ ಎಷ್ಟೇ ಅಗಲವಾದರೂ ಲೆಕ್ಕ 15 ಸಾವಿರಕ್ಕೇ ನಿಂತುಬಿಟ್ಟರೆ, ಅದಕ್ಕಿಂತ ಹೆಚ್ಚು ಗಳಿಸುವವನಿಗೆ ಈ ಅಧ್ಯಾಯದಲ್ಲಿ ಅದರಿಂದ ಒಂದು ರೂಪಾಯಿಯೂ ಹೆಚ್ಚುವುದಿಲ್ಲ.

ಈ ಕಾನೂನಿನ ಅಳತೆಗೋಲು ಕಳೆದುಹೋದ ದುಡಿಮೆಯೇ ಹೊರತು ಬೇರೇನಲ್ಲ ಎಂಬುದನ್ನು ನ್ಯಾಯಾಲಯಗಳು ಹಿಂದೆಯೇ ಹೇಳಿವೆ. ಬಡಗಿಯೊಬ್ಬ ಮೊಣಕೈ ಮೇಲಿನಿಂದ ಎಡಗೈ ಕಳೆದುಕೊಂಡಿದ್ದ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಮರಗೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಶೇ 100 ಎಂದು 1975ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಕಾಲು ಕಳೆದುಕೊಂಡ ಟ್ಯಾಂಕರ್ ಚಾಲಕನಿಗೆ 2008ರಲ್ಲಿ ಅದೇ ನ್ಯಾಯ ಸಿಕ್ಕಿತು. ಅನುಸೂಚಿಯ ಶೇಕಡಾವಾರನ್ನು ಪಕ್ಕಕ್ಕಿಟ್ಟು, ಈ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಇನ್ನು ಅದನ್ನು ಮಾಡಬಲ್ಲನೇ ಎಂದು ಕೇಳಿದ ತೀರ್ಪುಗಳವು. ಆತನ ಕೆಲಸವನ್ನು ಹೀಗೆ ನಿಜ ರೂಪದಲ್ಲಿ ನೋಡಬಹುದಾದರೆ ಸಂಬಳವನ್ನೂ ನಿಜ ರೂಪದಲ್ಲೇ ನೋಡಬೇಕು. ನ್ಯಾಯಾಲಯ ಅದನ್ನು ಮಾಡಲಾರದು, ಅಧಿಸೂಚನೆ ಅದರ ಕೈ ಕಟ್ಟಿದೆ.

ಇದಕ್ಕೆ ಸಂಸತ್ತಿನಲ್ಲಿ ಮತ್ತೊಂದು ಮಸೂದೆ ಬೇಕಿಲ್ಲ. ಮಿತಿ ಗೊತ್ತುಮಾಡುವ ಅಧಿಕಾರ ಹಳೆಯ ಕಾಯ್ದೆಯಲ್ಲಿದ್ದಂತೆ ಸಂಹಿತೆಯಲ್ಲೂ ಕೇಂದ್ರ ಸರ್ಕಾರದ ಬಳಿಯೇ ಇದೆ. ನಿಜ ಸಂಬಳವನ್ನೇ ಲೆಕ್ಕಕ್ಕೆ ಹಿಡಿಯಿರಿ ಎಂದು ಅದು ಹೇಳಬಹುದು. ಅಷ್ಟು ಧೈರ್ಯವಿಲ್ಲದಿದ್ದರೆ, ಮಿತಿಯನ್ನು ಏರಿಸಿ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಕಟ್ಟಿ, ಪ್ರತಿ ವರ್ಷ ತಾನಾಗಿಯೇ ಬದಲಾಗುವಂತೆ ಮಾಡಬಹುದು. ಕಾರ್ಮಿಕರ ವಿಷಯ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕರ್ನಾಟಕ ವಿಧಾನಮಂಡಲವೂ ರಾಷ್ಟ್ರಪತಿಗಳ ಒಪ್ಪಿಗೆ ಕೋರಿ ತಿದ್ದುಪಡಿ ತರಬಹುದು. ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕಾನೂನು ಮಾಡಿದ ರಾಜ್ಯ ಇದು; ಕಾರ್ಖಾನೆಯ ಗಾಯಾಳುವಿನ ವಿಷಯದಲ್ಲಿ ದೆಹಲಿಯತ್ತ ಬೆರಳು ತೋರಿಸಿ ಸುಮ್ಮನಿರಬಾರದು. ಯಾರೇ ಮಾಡಲಿ, ತಡಮಾಡುವಂತಿಲ್ಲ. ಹೊಸ ಮೊತ್ತ ಹಿಂದಿನ ಅಪಘಾತಗಳಿಗೆ ಅನ್ವಯಿಸದು ಎಂಬ ತೀರ್ಪು ಇರುವವರೆಗೆ, ಈ ತಿಂಗಳು ಕೈ ಕಳೆದುಕೊಂಡವನಿಗೆ ಮುಂದಿನ ವರ್ಷ ಹೊರಡುವ ಅಧಿಸೂಚನೆಯಿಂದ ಏನೂ ಸಿಗುವುದಿಲ್ಲ.